ಮಂಡಿಯ ಒಳಗುಟ್ಟು: ಎಕ್ಸ್‌ರೇಗೆ ಕಾಣದ್ದು ಎಂಆರ್‌ಐಗೆ ಕಂಡಾಗ

ಎಕ್ಸ್‌ರೇ ಫಿಲ್ಮಿನಲ್ಲಿ ಮೃದ್ವಸ್ಥಿ ಕಾಣುವುದಿಲ್ಲ. ಕಾಣುವುದು ಮೇಲೊಂದು ಮೂಳೆ, ಕೆಳಗೊಂದು ಮೂಳೆ, ನಡುವೆ ಒಂದಿಷ್ಟು ಕಪ್ಪು ಜಾಗ. ಕಡೂರಿನ ಕ್ಲಿನಿಕ್ಕಿನಲ್ಲಾಗಲಿ ತರೀಕೆರೆಯ ಆಸ್ಪತ್ರೆಯಲ್ಲಾಗಲಿ ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು ‘ಗ್ಯಾಪ್ ಕಮ್ಮಿ ಆಗಿದೆಯಮ್ಮ, ಮಂಡಿ ಸವೆದಿದೆ’ ಎನ್ನುವುದು ಆ ಕಪ್ಪು ಜಾಗವನ್ನು ನೋಡಿ. ಅದು ಖಾಲಿ ಜಾಗವೇನಲ್ಲ. ತೊಡೆಮೂಳೆಯ ತುದಿಗೂ ಕೆಳಗಾಲಿನ ಮೂಳೆಯ ತಲೆಗೂ ಮಂಡಿಚಿಪ್ಪಿನ ಒಳಮೈಗೂ ಅಂಟಿಕೊಂಡಂತೆ ಬಿಳುಪಾದ, ನುಣ್ಣನೆಯ ಮೃದ್ವಸ್ಥಿಯ ಪದರವೊಂದು ಅಲ್ಲಿದೆ. ಹೆಚ್ಚಿನ ಕಡೆ ಅದರ ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್. ಕ್ಷ-ಕಿರಣಕ್ಕೆ ಅದು ಅಡ್ಡ ಬರುವುದಿಲ್ಲವಾದ್ದರಿಂದ ಫಿಲ್ಮಿನಲ್ಲಿ ಅದರ ಗುರುತು ಮೂಡುವುದಿಲ್ಲ. ಪದರ ತೆಳ್ಳಗಾಗಿ ಎರಡು ಮೂಳೆ ಹತ್ತಿರ ಸರಿದ ಮೇಲಷ್ಟೇ ಎಕ್ಸ್‌ರೇಗೆ ಸುದ್ದಿ ಮುಟ್ಟುತ್ತದೆ.

ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಪದರ ತೆಳ್ಳಗಾಗುವ ಮೊದಲೇ ಅದರ ಒಳಗಿನ ಪದಾರ್ಥ ಕೆಡತೊಡಗಿರುತ್ತದೆ. ನೀರಿನ ಪ್ರಮಾಣ ಏರುತ್ತದೆ, ನೀರನ್ನು ಹಿಡಿದಿಡುವ ಅಣುಗಳು ಕಡಿಮೆಯಾಗುತ್ತವೆ, ನಾರಿನ ನೇಯ್ಗೆ ಸಡಿಲವಾಗುತ್ತದೆ. ಈ ಬದಲಾವಣೆಯನ್ನು ಮಂಡಿಗೆ ಕತ್ತಿ ತಾಗಿಸದೆ ಅಂಕಿಗಳಲ್ಲಿ ಅಳೆಯುವ ವಿದ್ಯೆ ಕಳೆದ ಮೂರು ದಶಕಗಳಲ್ಲಿ ಬೆಳೆದಿದೆ. ಮೃದ್ವಸ್ಥಿಯ ದಪ್ಪವನ್ನಲ್ಲದೆ ಅದರೊಳಗೆ ಏನು ಎಷ್ಟಿದೆ ಎಂಬುದನ್ನೂ ಅಂದಾಜು ಮಾಡುವ ಎಂಆರ್‌ಐ ಇದು. ಇದು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು, ಅಜ್ಜಂಪುರದ ಈರುಳ್ಳಿ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆಯುವ ಹೆಂಗಸಿಗೆ ಇದರಿಂದ ಏನು ಸಿಗುತ್ತದೆ ಎಂದು ಕೇಳಿಕೊಳ್ಳುವ ಕಾಲ ಬಂದಿದೆ.

ಮಂಡಿ ಮಡಚಿಯೇ ಮಾಡುವ ದುಡಿಮೆ

ಕಡೂರು, ತರೀಕೆರೆ, ಅಜ್ಜಂಪುರ ಒಂದಕ್ಕೊಂದು ಹೊಂದಿಕೊಂಡ ತಾಲ್ಲೂಕುಗಳು. ಅಜ್ಜಂಪುರವಂತೂ ಈಚಿನವರೆಗೆ ತರೀಕೆರೆಯ ಭಾಗವೇ ಆಗಿತ್ತು. ಆದರೂ ಮೂರರ ಮಳೆ, ಮಣ್ಣು, ಬೆಳೆ ಒಂದೇ ಅಲ್ಲ. ತರೀಕೆರೆಯ ಒಂದು ಮಗ್ಗುಲಿಗೆ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ, ಅಡಿಕೆ ತೋಟಗಳು. ಕಡೂರು ಮಳೆ ಕಡಿಮೆಯ ಬಯಲು. ತೆಂಗು, ರಾಗಿಯ ಸೀಮೆ. ಅಜ್ಜಂಪುರದ ಕಡೆ ಈರುಳ್ಳಿ, ಆಲೂಗಡ್ಡೆ. ಬೆಳೆ ಯಾವುದಾದರೂ ದುಡಿಯುವ ಭಂಗಿ ಮಾತ್ರ ಒಂದೇ. ಕಳೆ ತೆಗೆಯುವುದು, ಈರುಳ್ಳಿ ಕಿತ್ತು ಸೊಪ್ಪು ಕೊಯ್ಯುವುದು, ಬಿದ್ದ ಅಡಿಕೆ ಆರಿಸುವುದು, ರಾಗಿ ಕೊಯ್ಯುವುದು, ಎಲ್ಲವೂ ಮಂಡಿ ಪೂರ್ತಿ ಮಡಚಿ ಅಥವಾ ಸೊಂಟ ಬಗ್ಗಿಸಿ. ಆಮೇಲೆ ಚೀಲ ಹೊರುವುದು. ಮನೆಗೆ ಬಂದರೆ ಒಲೆ ಮುಂದೆ, ಬಚ್ಚಲಲ್ಲಿ, ಪಾಯಿಖಾನೆಯಲ್ಲಿ ಮತ್ತದೇ ಕುಕ್ಕರಗಾಲು.

ಇಂಥ ದುಡಿಮೆಗೂ ಮಂಡಿ ಸವೆತಕ್ಕೂ ಇರುವ ನಂಟು ಹೊಸ ಸಂಗತಿಯಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಜನರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದ 1991ರ ವರದಿಯ ಪ್ರಕಾರ, ಮಂಡಿ ಬಗ್ಗಿಸುವ ಮತ್ತು ಮೈಬಗ್ಗಿಸಿ ದುಡಿಯುವ ಕೆಲಸಗಳಲ್ಲಿದ್ದ ಗಂಡಸರಿಗೆ ಮುಂದೆ ಮಂಡಿಯ ಸಂಧಿವಾತ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಇಮ್ಮಡಿ. ಭಾರತದಲ್ಲಿ ಬೆಂಗಳೂರೂ ಸೇರಿದಂತೆ ಐದು ಕಡೆ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮಂಡಿ ಸಂಧಿವಾತ ಶೇ 28.7ರಷ್ಟು ಜನರಲ್ಲಿ ಕಂಡುಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ವಯಸ್ಸು, ಮೈತೂಕ, ಹಳೆಯ ಪೆಟ್ಟು, ಮನೆತನದ ಗುಣ ಇವೂ ಜೊತೆಗೆ ಸೇರುತ್ತವೆ.

ಈ ಸೀಮೆಯಲ್ಲಿ ಎಲ್ಲ ಮಂಡಿ ನೋವಿಗೂ ಸವೆತವೇ ಕಾರಣ ಎಂದು ತೀರ್ಮಾನಿಸುವ ಹಾಗಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕಡೂರು, ತರೀಕೆರೆ ಬಯಲಿನ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಅಂತರ್ಜಲ ಪರೀಕ್ಷೆಗಳಲ್ಲಿ ದಾಖಲಾಗಿದೆ. ಕುಡಿಯುವ ನೀರಿನ ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ವರ್ಷಗಟ್ಟಲೆ ಮೈಸೇರಿದರೆ ಹಲ್ಲು ಕೆಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಸ್ನಾಯುಬಂಧಗಳು ಬಿಗಿದು ಕೀಲುನೋವು ಬರುತ್ತದೆ. ಅಂಥ ಕಡೆ ಮೊದಲು ಪರೀಕ್ಷೆಗೆ ಹೋಗಬೇಕಾದ್ದು ಮನೆಯ ಕುಡಿಯುವ ನೀರು.

ಹಂದಿಗೋಡು ಕಲಿಸಿದ್ದು

ಬೀರೂರಿನಿಂದ ತರೀಕೆರೆ, ಶಿವಮೊಗ್ಗ ದಾಟಿ ತಾಳಗುಪ್ಪಕ್ಕೆ ಹೋಗುವ ರೈಲಿನ ದಾರಿಯಲ್ಲಿ ಸಾಗರ ಸಿಗುತ್ತದೆ. ಆ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರು 1970ರ ದಶಕದಲ್ಲಿ ವೈದ್ಯಕೀಯ ಪತ್ರಿಕೆಗಳಿಗೆ ಏರಿತು. ಬಡ ಕೂಲಿಕಾರ ಕುಟುಂಬಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸೊಂಟ, ಮಂಡಿ ಹಿಡಿದುಕೊಂಡು ನಡೆಯಲಾಗದೆ ನೆಲ ಹಿಡಿಯುತ್ತಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರು. ಗದ್ದೆಗೆ ಹೊಡೆದ ಕೀಟನಾಶಕ, ಅದೇ ಗದ್ದೆಯ ಏಡಿ ತಿಂದದ್ದು ಕಾರಣವಿರಬೇಕು ಎಂಬ ಅನುಮಾನ ಬಹುಕಾಲ ಇತ್ತು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲೂ ಇಂಥ ಕುಟುಂಬಗಳು ಸಿಕ್ಕವು. ಕೊನೆಗೆ ವಂಶಾವಳಿ ಬರೆದು, ಎಕ್ಸ್‌ರೇಗಳನ್ನು ಸಾಲಾಗಿ ಇಟ್ಟು ನೋಡಿದಾಗ ಇದು ಬೆಳೆಯುವ ಮೂಳೆತುದಿಗಳ ಆನುವಂಶಿಕ ದೋಷ, ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು ಮಕ್ಕಳಿಗೆ ಇಳಿಯಬಲ್ಲದ್ದು ಎಂಬುದು ಸ್ಪಷ್ಟವಾಯಿತು.

ಹಂದಿಗೋಡು ಕಾಯಿಲೆಯೇ ಬೇರೆ, ವಯಸ್ಸಿನೊಂದಿಗೆ ಬರುವ ಮಂಡಿ ಸವೆತವೇ ಬೇರೆ. ಆದರೆ ನಮ್ಮ ನೆರೆಯ ಈ ಪ್ರಕರಣ ಹೇಳುವ ಮಾತೊಂದಿದೆ. ಒಳಗಿನ ಚಿತ್ರ ಸರಿಯಾಗಿ ಕಾಣುವವರೆಗೆ ಕಾರಣದ ಬಗ್ಗೆ ಊಹೆಗಳೇ ಓಡಾಡುತ್ತಿರುತ್ತವೆ. ಅಲ್ಲಿ ಮೂಳೆಯ ರೂಪವೇ ಬದಲಾಗಿದ್ದರಿಂದ ಎಕ್ಸ್‌ರೇ ಸಾಕಾಯಿತು. ಮೃದ್ವಸ್ಥಿಯ ಒಳಗೆ ನಡೆಯುವ ಮೊದಲ ಕೆಡುಕಿಗೆ ಅದು ಸಾಲದು.

ಎರಡು ಮಿಲಿಮೀಟರಿನೊಳಗಿನ ಕುಶಲ ಕೆಲಸ

ಮೃದ್ವಸ್ಥಿಯ ತೂಕದಲ್ಲಿ ಶೇ 65ರಿಂದ 80ರಷ್ಟು ಬರೀ ನೀರು. ಉಳಿದದ್ದರಲ್ಲಿ ಮುಖ್ಯವಾದವು ಎರಡು. ಒಂದು ಕೊಲಾಜೆನ್ ಎಂಬ ನಾರು. ಇನ್ನೊಂದು ಪ್ರೋಟಿಯೊಗ್ಲೈಕನ್ ಎಂಬ ದೊಡ್ಡ ಅಣು. ಇದರ ಮೈತುಂಬ ಸಕ್ಕರೆಯ ಸರಪಳಿಗಳಿದ್ದು ಅವು ಋಣ ವಿದ್ಯುದಂಶ ಹೊತ್ತಿರುತ್ತವೆ. ಆ ಅಂಶ ಸೋಡಿಯಂ ಅಯಾನುಗಳನ್ನು ಸೆಳೆಯುತ್ತದೆ, ಸೋಡಿಯಂ ಹಿಂದೆ ನೀರು ಬರುತ್ತದೆ. ಕಾಮಕಸ್ತೂರಿ ಬೀಜವನ್ನು ತೆಳುಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ನೀರಿನಲ್ಲಿಟ್ಟರೆ ಬೀಜ ಉಬ್ಬಲು ನೋಡುತ್ತದೆ, ಬಟ್ಟೆ ಬಿಡುವುದಿಲ್ಲ. ಗಂಟು ಗಟ್ಟಿಯಾಗಿ ಒತ್ತಿದರೂ ಪುಟಿಯುವಂತೆ ಆಗುತ್ತದೆ. ಮೃದ್ವಸ್ಥಿ ನಮ್ಮ ಭಾರ ತಡೆಯುವ ಬಗೆಯೂ ಹೀಗೆಯೇ. ಪ್ರೋಟಿಯೊಗ್ಲೈಕನ್ ಉಬ್ಬುತ್ತದೆ, ಕೊಲಾಜೆನ್ ಜಾಲ ಅದನ್ನು ಅದುಮಿ ಹಿಡಿಯುತ್ತದೆ.

ಆ ಜಾಲದ ನೇಯ್ಗೆಯಲ್ಲೂ ಲೆಕ್ಕಾಚಾರವಿದೆ. ಮೂಳೆಗೆ ಅಂಟಿದ ತಳಭಾಗದಲ್ಲಿ ನಾರುಗಳು ನೆಟ್ಟಗೆ ನಿಂತಿರುತ್ತವೆ, ನಡುಭಾಗದಲ್ಲಿ ಅಡ್ಡಾದಿಡ್ಡಿ, ಮೇಲ್ಮೈಯಲ್ಲಿ ಮಲಗಿದಂತೆ. ಇದನ್ನೆಲ್ಲ ನೋಡಿಕೊಳ್ಳುವ ಜೀವಕೋಶಗಳು ಗಾತ್ರದಲ್ಲಿ ಶೇ 5ಕ್ಕಿಂತಲೂ ಕಡಿಮೆ. ರಕ್ತನಾಳವಿಲ್ಲ. ಹೀಗಾಗಿ ರಿಪೇರಿಯ ಸಾಮಗ್ರಿ ಬರುವ ದಾರಿ ಬಹಳ ಕಿರಿದು. ನರವೂ ಇಲ್ಲ. ಅದು ಕೆಡುವಾಗ ನೋವಿನ ಮುನ್ಸೂಚನೆ ಸಿಗದಿರಲು ಇದೇ ಕಾರಣ. ನೋವು ಹುಟ್ಟುವುದು ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ಸ್ನಾಯುಬಂಧಗಳಿಂದ.

ಒಮ್ಮೆ ಹಾಳಾದ ಮೃದ್ವಸ್ಥಿ ಮತ್ತೆ ಕೂಡಿಕೊಳ್ಳುವುದಿಲ್ಲ ಎಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ. ಅವನ ಮಾತಿಗೆ ಪುಷ್ಟಿ ಸಿಕ್ಕಿದ್ದು 2016ರಲ್ಲಿ, ವಿಚಿತ್ರ ದಾರಿಯಿಂದ. 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಎಲ್ಲರ ಮೈಯನ್ನೂ ಹೊಕ್ಕಿದೆ. ಡೆನ್ಮಾರ್ಕಿನ ಸಂಶೋಧಕರು ಮಂಡಿಯ ಕೊಲಾಜೆನ್‌ನಲ್ಲಿ ಅದನ್ನು ಅಳೆದು ನೋಡಿದಾಗ, ದೊಡ್ಡವರಾದ ಮೇಲೆ ಆ ನಾರು ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲ ಎಂಬುದು ಗೊತ್ತಾಯಿತು. ಇಪ್ಪತ್ತರ ಹರೆಯದಲ್ಲಿ ಕೈಗೆ ಬಂದ ನಾರಿನಲ್ಲೇ ಎಂಬತ್ತರವರೆಗೆ ನಡೆಯಬೇಕು. ಪ್ರೋಟಿಯೊಗ್ಲೈಕನ್ ಹಾಗಲ್ಲ, ಅದು ನಿಧಾನವಾಗಿಯಾದರೂ ಹೊಸದಾಗುತ್ತಿರುತ್ತದೆ. ಚಿಕಿತ್ಸೆಗೆ ಇರುವ ಎಡೆ ಈ ವ್ಯತ್ಯಾಸದಲ್ಲಿದೆ. ನಾರು ಹರಿಯುವ ಮೊದಲು, ಪ್ರೋಟಿಯೊಗ್ಲೈಕನ್ ಕರಗುವ ಹಂತದಲ್ಲೇ ಕೆಡುಕು ಕಣ್ಣಿಗೆ ಬಿದ್ದರೆ ತಡೆಯುವ ಸಾಧ್ಯತೆಯಿದೆ ಎಂಬ ಆಸೆಯಿಂದ ಎಂಆರ್‌ಐ ಕಡೆ ಸಂಶೋಧಕರ ಗಮನ ತಿರುಗಿತು.

ನೀರನ್ನೇ ಸಾಕ್ಷಿ ಕೇಳುವ ಯಂತ್ರ

ಎಂಆರ್‌ಐಯಲ್ಲಿ ಕ್ಷ-ಕಿರಣವಿಲ್ಲ. ದೊಡ್ಡ ಆಯಸ್ಕಾಂತ ಮತ್ತು ರೇಡಿಯೊ ಅಲೆಗಳಿಂದ ಅದು ಕೆಲಸ ಮಾಡುತ್ತದೆ. ನೀರಿನ ಪ್ರತಿ ಅಣುವಿನಲ್ಲಿ ಎರಡು ಹೈಡ್ರೋಜನ್ ಇವೆ. ಹೈಡ್ರೋಜನ್ನಿನ ನಡುವಿನ ಪ್ರೋಟಾನ್ ಪುಟ್ಟ ಆಯಸ್ಕಾಂತದ ಗುಣ ಉಳ್ಳದ್ದು. ಸಾಮಾನ್ಯ ಆಸ್ಪತ್ರೆಗಳಲ್ಲಿರುವ 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯ ಕಾಂತಬಲದ ಮೂವತ್ತು ಸಾವಿರ ಪಟ್ಟಿಗೂ ಮಿಗಿಲು. ಅದರೊಳಗೆ ಕಾಲಿಟ್ಟಾಗ ಪ್ರೋಟಾನ್‌ಗಳಲ್ಲಿ ಒಂದು ಸಣ್ಣ ಪಾಲು ಒಂದೇ ದಿಕ್ಕಿಗೆ ವಾಲುತ್ತದೆ. ಸುಮಾರು 64 ಮೆಗಾಹರ್ಟ್ಸ್ ರೇಡಿಯೊ ಅಲೆ ಕೊಟ್ಟು ಅವನ್ನು ಅಲುಗಿಸಿ ಬಿಟ್ಟರೆ, ಮೊದಲಿನ ಸ್ಥಿತಿಗೆ ಮರಳುವಾಗ ತಾವೇ ಸಣ್ಣ ರೇಡಿಯೊ ಸಂಕೇತ ಕೊಡುತ್ತವೆ. 3 ಟೆಸ್ಲಾ ಯಂತ್ರವಾದರೆ ಆವರ್ತನ ಸುಮಾರು 128 ಮೆಗಾಹರ್ಟ್ಸ್. ನಾವು ಕೇಳುವ ಎಫ್‌ಎಂ ಬಾನುಲಿ ಈ ಎರಡರ ನಡುವೆ, 88ರಿಂದ 108ರವರೆಗೆ ಇದೆ.

ಪರಮಾಣುಗಳ ಈ ಗುಣವನ್ನು 1946ರಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಬೇರೆ ಬೇರೆಯಾಗಿ ತೋರಿಸಿ 1952ರ ನೊಬೆಲ್ ಹಂಚಿಕೊಂಡರು. ಆ ಸಂಕೇತದಿಂದ ಚಿತ್ರ ಮೂಡಿಸಬಹುದೆಂದು 1973ರಲ್ಲಿ ತೋರಿಸಿದವರು ಪಾಲ್ ಲಾಟರ್‌ಬರ್. ಅದನ್ನು ಬೇಗ ಮೂಡಿಸುವ ಗಣಿತ ಕೊಟ್ಟವರು ಪೀಟರ್ ಮ್ಯಾನ್ಸ್‌ಫೀಲ್ಡ್. ಇಬ್ಬರಿಗೂ 2003ರಲ್ಲಿ ನೊಬೆಲ್ ಬಂತು.

ಸಾಮಾನ್ಯ ಎಂಆರ್‌ಐ ವರದಿಯಲ್ಲಿ ನಾವು ಓದುವುದು ಬೂದು ಬಣ್ಣದ ಚಿತ್ರ ನೋಡಿ ವೈದ್ಯರು ಬರೆದ ಮಾತುಗಳನ್ನು: ಮೃದ್ವಸ್ಥಿ ತೆಳುವಾಗಿದೆ, ಚಕ್ಕೆಯೆದ್ದಿದೆ, ಮಂಡಿಯೊಳಗಿನ ಮೆತ್ತೆಯಾದ ಮೆನಿಸ್ಕಸ್ ಹರಿದಿದೆ. ಒಳಗಿನ ಪದಾರ್ಥ ಎಷ್ಟಿದೆ ಎಂಬ ಅಳತೆ ಅದರಲ್ಲಿಲ್ಲ. ಸಂಯೋಜನೆ ಅಳೆಯುವ ಎಂಆರ್‌ಐ ಅದೇ ಯಂತ್ರದಲ್ಲಿ ನಡೆಯುತ್ತದೆ, ಕೇಳುವ ಪ್ರಶ್ನೆ ಮಾತ್ರ ಬೇರೆ: ಅಲುಗಿಸಿ ಬಿಟ್ಟ ಪ್ರೋಟಾನ್‌ಗಳ ಸಂಕೇತ ಎಷ್ಟು ಹೊತ್ತಿನಲ್ಲಿ ಕ್ಷೀಣಿಸಿತು?

ಅಳತೆಯ ನಾಲ್ಕು ದಾರಿ

ಮೊದಲನೆಯದು ಟಿ-2 ನಕ್ಷೆ. ಯಾರ ಹಿಡಿತವೂ ಇಲ್ಲದ ನೀರಿನಲ್ಲಿ ಸಂಕೇತ ಬಹಳ ಹೊತ್ತು ಉಳಿಯುತ್ತದೆ, ನಾರಿನ ಜಾಲದಲ್ಲಿ ಸಿಕ್ಕಿದ ನೀರಿನಲ್ಲಿ ಬೇಗ ಆರುತ್ತದೆ. ಒಂದೇ ಜಾಗದ ಸಂಕೇತವನ್ನು ಹತ್ತು, ಇಪ್ಪತ್ತು, ಮೂವತ್ತು ಮಿಲಿಸೆಕೆಂಡ್ ಹೀಗೆ ಬೇರೆ ಬೇರೆ ಗಳಿಗೆಯಲ್ಲಿ ಹಿಡಿದು, ಅದು ಇಳಿಯಲು ಹಿಡಿದ ಹೊತ್ತನ್ನು ಚಿತ್ರದ ಪ್ರತಿ ಚುಕ್ಕೆಗೂ ಲೆಕ್ಕ ಹಾಕಿ ಬಣ್ಣ ತುಂಬುತ್ತಾರೆ. ಆರೋಗ್ಯವಂತ ಮೃದ್ವಸ್ಥಿಯಲ್ಲಿ 3 ಟೆಸ್ಲಾ ಯಂತ್ರ ಕೊಡುವ ಬೆಲೆ ಸುಮಾರು 30ರಿಂದ 50 ಮಿಲಿಸೆಕೆಂಡ್. ತಳದಲ್ಲಿ ಕಡಿಮೆ, ಮೇಲ್ಮೈಯಲ್ಲಿ ಹೆಚ್ಚು. ಜಾಲ ಸಡಿಲವಾಗಿ ನೀರು ಹೆಚ್ಚಿದರೆ ಬೆಲೆ ಏರುತ್ತದೆ. ಇದರಲ್ಲೊಂದು ಮೋಸವೂ ಇದೆ. ಯಂತ್ರದ ಕಾಂತಕ್ಷೇತ್ರಕ್ಕೆ ನಾರುಗಳು ಸುಮಾರು 55 ಡಿಗ್ರಿ ಕೋನದಲ್ಲಿದ್ದರೆ ಏನೂ ಕೆಡದಿದ್ದರೂ ಬೆಲೆ ಏರಿದಂತೆ ಕಾಣುತ್ತದೆ. ಮಂಡಿಯ ದುಂಡನೆಯ ಮೈಯಲ್ಲಿ ಇಂಥ ಕೋನ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಓದುವವರಿಗೆ ಇದು ಗೊತ್ತಿರಬೇಕು.

ಎರಡನೆಯದು ಟಿ-1-ರೋ. ದುರ್ಬಲವಾದ ರೇಡಿಯೊ ಅಲೆಯೊಂದನ್ನು ಬಿಡದೆ ಕೊಡುತ್ತ ಪ್ರೋಟಾನ್‌ಗಳನ್ನು ಕಟ್ಟಿಹಾಕಿ, ನೀರಿಗೂ ದೊಡ್ಡ ಅಣುಗಳಿಗೂ ನಡುವಿನ ನಿಧಾನದ ಒಡನಾಟವನ್ನು ಅಳೆಯುವ ವಿಧಾನ ಇದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರವೀಂದರ್ ರೆಡ್ಡಿ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ದನದ ಮೃದ್ವಸ್ಥಿಯಿಂದ ಕಿಣ್ವ ಹಾಕಿ ಪ್ರೋಟಿಯೊಗ್ಲೈಕನ್ ತೆಗೆದು ನೋಡಿದರು. ಅದು ಕಡಿಮೆಯಾದಂತೆ ಟಿ-1-ರೋ ಬೆಲೆ ಏರಿತು. ಮುಂದೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಶರ್ಮಿಳಾ ಮಜುಂದಾರ್ ಅವರ ತಂಡ ಇದನ್ನು ಮನುಷ್ಯರ ಮಂಡಿಗೆ ಹೊಂದಿಸಿ ಬೆಳೆಸಿತು. ಪ್ರೋಟಿಯೊಗ್ಲೈಕನ್ ಕಳೆದುಹೋಗುವುದನ್ನು ಟಿ-2ಗಿಂತ ಇದು ಚೆನ್ನಾಗಿ ಗ್ರಹಿಸುತ್ತದೆಯಾದರೂ ನಾರು, ನೀರಿನ ಪ್ರಭಾವದಿಂದ ಪೂರ್ತಿ ಬಿಡಿಸಿಕೊಂಡಿಲ್ಲ.

ಮೂರನೆಯದರಲ್ಲಿ ಸೂಜಿಮದ್ದು ಬೇಕು. ಬಾಸ್ಟನ್ನಿನಲ್ಲಿ ಡೆಬೊರಾ ಬರ್‌ಸ್ಟೀನ್, ಮಾರ್ಥಾ ಗ್ರೇ, ಆದಿಲ್ ಬಶೀರ್ 1990ರ ದಶಕದಲ್ಲಿ ರೂಪಿಸಿದ ಈ ವಿಧಾನಕ್ಕೆ ಡಿಜೆಮ್ರಿಕ್ ಎಂಬ ಹೆಸರಿದೆ. ಋಣ ವಿದ್ಯುದಂಶದ ಗ್ಯಾಡೊಲಿನಿಯಂ ಮದ್ದನ್ನು ರಕ್ತನಾಳಕ್ಕೆ ಕೊಟ್ಟು, ಸ್ವಲ್ಪ ನಡೆಸಿ, ಗಂಟೆ-ಒಂದೂವರೆ ಗಂಟೆ ಕಾದು ಚಿತ್ರ ತೆಗೆಯುತ್ತಾರೆ. ಪ್ರೋಟಿಯೊಗ್ಲೈಕನ್ ಸಮೃದ್ಧವಾಗಿರುವ ಕಡೆಗೆ ಮದ್ದು ಇಳಿಯುವುದಿಲ್ಲ, ಎರಡೂ ಋಣವಾದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಬರಿದಾದ ಕಡೆ ಹೋಗಿ ತುಂಬಿಕೊಳ್ಳುತ್ತದೆ. ವಿಧಾನ ಜಾಣತನದ್ದೇ, ಆದರೆ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಗ್ಯಾಡೊಲಿನಿಯಂ ಅಪಾಯ ತರಬಲ್ಲದೆಂದು 2006ರ ಹೊತ್ತಿಗೆ ತಿಳಿಯಿತು. ಯುರೋಪಿನಲ್ಲಿ 2017ರಲ್ಲಿ ಈ ಬಗೆಯ ಹಲವು ಮದ್ದುಗಳನ್ನು ರಕ್ತನಾಳಕ್ಕೆ ಕೊಡುವುದು ನಿಂತಿತು. ಡಿಜೆಮ್ರಿಕ್ ಹಿಂದೆ ಸರಿಯಿತು.

ನಾಲ್ಕನೆಯದು ಸೋಡಿಯಂ ಚಿತ್ರಣ. ಪ್ರೋಟಿಯೊಗ್ಲೈಕನ್ ಎಲ್ಲಿದೆಯೋ ಅಲ್ಲಿ ಸೋಡಿಯಂ ಇರುತ್ತದಾದ್ದರಿಂದ ನೇರವಾಗಿ ಅದನ್ನೇ ನೋಡುವುದು. ನೀರಿನ ಹೈಡ್ರೋಜನ್ನಿಗೆ ಹೋಲಿಸಿದರೆ ಸೋಡಿಯಂ ಸಂಕೇತ ತೀರಾ ಕ್ಷೀಣ. ಒಳ್ಳೆಯ ಚಿತ್ರಕ್ಕೆ 7 ಟೆಸ್ಲಾದಂಥ ಬಲವಾದ ಯಂತ್ರ ಬೇಕು. ಅದು ದೊಡ್ಡ ಸಂಶೋಧನಾಲಯಗಳ ಮಾತು.

ಈ ನಕ್ಷೆಗಳಿಂದ ತಿಳಿದದ್ದು

ಅಮೆರಿಕದಲ್ಲಿ 2004ರಿಂದ 2006ರ ನಡುವೆ 45ರಿಂದ 79 ವರ್ಷದ 4,796 ಜನರನ್ನು ಸೇರಿಸಿಕೊಂಡು ಅವರ ಮಂಡಿಗಳನ್ನು ವರ್ಷವರ್ಷ 3 ಟೆಸ್ಲಾ ಯಂತ್ರದಲ್ಲಿ ನೋಡುವ ದೊಡ್ಡ ಯೋಜನೆ ಶುರುವಾಯಿತು. ಸಂಧಿವಾತದ ಬಗ್ಗೆ ಈಗ ಗೊತ್ತಿರುವ ಎಷ್ಟೋ ಸಂಗತಿ ಈ ಕಣಜದಿಂದ ಬಂದದ್ದು. ಇದೇ ಮಾಹಿತಿ ಇಟ್ಟುಕೊಂಡು 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಮೊದಲ ದಿನದ ಎಕ್ಸ್‌ರೇ ಚೊಕ್ಕವಾಗಿದ್ದರೂ ಟಿ-2 ಬೆಲೆ ಹೆಚ್ಚಿದ್ದವರ ಮಂಡಿಗಳಲ್ಲಿ ನಾಲ್ಕು ವರ್ಷದೊಳಗೆ ಎಕ್ಸ್‌ರೇಗೂ ಕಾಣುವಂಥ ಸವೆತ ಬರುವ ಸಾಧ್ಯತೆ ಹೆಚ್ಚು ಎಂದು ಕಂಡಿತು. ಕೆಡುಕನ್ನು ಮೊದಲೇ ಕಾಣಬಹುದೆಂಬ ಆಸೆಯಲ್ಲಿ ಅರ್ಥವಿತ್ತು.

ಅದಕ್ಕಿಂತ ನಮಗೆ ಹತ್ತಿರವಾದ ಫಲಿತಾಂಶ ಬಂದದ್ದು ಸ್ವೀಡನ್ನಿನಿಂದ. ಮೆನಿಸ್ಕಸ್ ಭಾಗಶಃ ತೆಗೆಸಿಕೊಂಡು ಮುಂದೆ ಸವೆತ ಬರುವ ಭೀತಿಯಿದ್ದ 45 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಾಲ್ಕು ತಿಂಗಳು ಮಿತವಾದ ವ್ಯಾಯಾಮ ಮಾಡಿಸಿದರು, ಇನ್ನೊಂದನ್ನು ಇದ್ದ ಹಾಗೇ ಬಿಟ್ಟರು. ಡಿಜೆಮ್ರಿಕ್ ಅಳತೆಯಲ್ಲಿ ವ್ಯಾಯಾಮ ಮಾಡಿದವರ ಮೃದ್ವಸ್ಥಿಯ ಗುಣ ಸುಧಾರಿಸಿದ್ದು ಕಂಡಿತು. 2005ರ ಈ ವರದಿ ಹಳೆಯ ನಂಬಿಕೆಯೊಂದನ್ನು ಅಲುಗಿಸಿತು. ಬಳಸಿದಷ್ಟೂ ಮಂಡಿ ಸವೆಯುತ್ತದೆ ಎಂದುಕೊಂಡು ಮಂಚ ಹಿಡಿಯುವವರು ನಮ್ಮಲ್ಲಿ ಬಹಳ. ರಕ್ತನಾಳವಿಲ್ಲದ ಈ ಪದರಕ್ಕೆ ಆಹಾರ ಸಿಗುವುದೇ ಒತ್ತಿ ಬಿಡುವಾಗ ಒಳಹೊರಗೆ ಹರಿಯುವ ಕೀಲುದ್ರವದಿಂದ. ಹಿತಮಿತವಾಗಿ ನಡೆಯದ ಮಂಡಿ ಹಸಿದಿರುತ್ತದೆ.

ಇನ್ನು ಎಚ್ಚರಿಕೆಯ ಮಾತು. ಮತ್ತದೇ ಫ್ರೇಮಿಂಗ್‌ಹ್ಯಾಮ್‌ನಲ್ಲಿ, ಎಕ್ಸ್‌ರೇಯಲ್ಲಿ ಸವೆತವೇ ಕಾಣದ, 50 ದಾಟಿದ 710 ಜನರಿಗೆ ಎಂಆರ್‌ಐ ಮಾಡಿ ನೋಡಿದಾಗ ಶೇ 89ರಷ್ಟು ಮಂದಿಯ ಮಂಡಿಯಲ್ಲಿ ಏನಾದರೊಂದು ದೋಷ ಸಿಕ್ಕಿತು, ನೋವಿದ್ದವರಲ್ಲೂ ಇಲ್ಲದವರಲ್ಲೂ. 2012ರಲ್ಲಿ ಇದು ಪ್ರಕಟವಾಯಿತು. ವರದಿಯಲ್ಲಿ ಬರೆದ ದೋಷವೇ ನಿಮ್ಮ ನೋವಿಗೆ ಕಾರಣ ಎಂದು ಒಮ್ಮೆಲೇ ನಂಬಬೇಕಿಲ್ಲ. ಸಂಯೋಜನೆಯ ಅಳತೆಗೂ ಇದೇ ಮಿತಿ. ಒಂದೇ ಮಂಡಿಯನ್ನು ಮತ್ತೆ ಅಳೆದರೆ ಟಿ-2, ಟಿ-1-ರೋ ಬೆಲೆಗಳು ಶೇ 4ರಿಂದ 5ರಷ್ಟು ಆಚೀಚೆ ಆಗುತ್ತವೆ ಎಂದು ವಿಕಿರಣ ತಜ್ಞರ ಅಂತರರಾಷ್ಟ್ರೀಯ ಮಾನದಂಡ 2021ರಲ್ಲಿ ಒಪ್ಪಿಕೊಂಡಿದೆ. ಯಂತ್ರ ಬದಲಾದರೆ ಅಂಕಿ ಬದಲಾಗುತ್ತದೆ. ಸ್ಕ್ಯಾನಿಂಗಿಗೆ ಮುನ್ನ ದೂರ ನಡೆದು ಬಂದರೂ ಬದಲಾಗುತ್ತದೆ. ನೂರಾರು ಜನರ ಸರಾಸರಿಯಲ್ಲಿ ಸತ್ಯ ಹೇಳುವ ಅಂಕಿ ಒಬ್ಬರ ವಿಷಯದಲ್ಲಿ ಅಷ್ಟು ಖಚಿತವಾಗಿ ಮಾತನಾಡದು.

ಕಡೂರಿನಿಂದ ನೋಡಿದರೆ

ಈ ಮೂರು ತಾಲ್ಲೂಕಿನವರು ದೊಡ್ಡ ಪರೀಕ್ಷೆ ಬೇಕೆಂದಾಗ ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ದಾವಣಗೆರೆಯ ಬಸ್ಸು ಹತ್ತುತ್ತಾರೆ. ರೈಲು ಹಿಡಿದರೆ ಬೆಂಗಳೂರು. ಸ್ಕ್ಯಾನಿಂಗಿನ ಹಣ ಒಂದು ಕಡೆ, ಹೋದ ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಊಟ, ಬಸ್ ಚಾರ್ಜು ಇನ್ನೊಂದು ಕಡೆ. ಯಂತ್ರಗಳು ಅಗ್ಗವಾಗುವ ಲಕ್ಷಣ ಇಲ್ಲದಿಲ್ಲ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಎಂಬ ಸಂಸ್ಥೆ ಕೇಂದ್ರ ಸರ್ಕಾರದ ನೆರವಿನಲ್ಲಿ ತಯಾರಿಸಿದ 1.5 ಟೆಸ್ಲಾ ಯಂತ್ರವನ್ನು ದೇಶದ ಮೊದಲ ಸ್ವದೇಶಿ ಎಂಆರ್‌ಐ ಎಂದು 2023ರ ಆಗಸ್ಟಿನಲ್ಲಿ ಬಿಡುಗಡೆ ಮಾಡಲಾಯಿತು. ನಾಳೆ ತಾಲ್ಲೂಕು ಕೇಂದ್ರಕ್ಕೆ ಇಂಥದ್ದೊಂದು ಬಂದರೂ ಬರಬಹುದು.

ಬಂದರೂ ಮಂಡಿ ಸವೆತದ ಬಹುಪಾಲು ಜನರಿಗೆ ಅದರ ಅಗತ್ಯವಿಲ್ಲ. ಬ್ರಿಟನ್ನಿನ ಆರೋಗ್ಯ ಸೇವೆಯ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ: 45 ದಾಟಿದವರಿಗೆ ಓಡಾಡಿದಾಗ ಮಂಡಿ ನೋಯುತ್ತಿದ್ದು, ಬೆಳಗಿನ ಬಿಗಿತ ಇಲ್ಲದಿದ್ದರೆ ಅಥವಾ ಇದ್ದರೂ ಅರ್ಧ ಗಂಟೆಯೊಳಗೆ ಸಡಿಲವಾಗುತ್ತಿದ್ದರೆ, ಎಕ್ಸ್‌ರೇಯೂ ಬೇಡ, ಎಂಆರ್‌ಐಯೂ ಬೇಡ, ಕೈಯಿಟ್ಟು ನೋಡಿ, ಕೇಳಿ ತಿಳಿದರೆ ಸಾಕು. ಕಾಲು ತಿರುಚಿ ಬಿದ್ದ ಮೇಲೆ ಮಂಡಿ ಸಿಕ್ಕಿಹಾಕಿಕೊಂಡು ನೆಟ್ಟಗಾಗದಿದ್ದರೆ, ನಡೆಯುವಾಗ ಕುಸಿದುಹೋಗುತ್ತಿದ್ದರೆ, ಮೆನಿಸ್ಕಸ್ ಇಲ್ಲವೇ ಅಸ್ಥಿಬಂಧ ಹರಿದ ಶಂಕೆಯಿದ್ದರೆ ಎಂಆರ್‌ಐಗೆ ಅರ್ಥವಿದೆ. ಜ್ವರದೊಂದಿಗೆ ಮಂಡಿ ಕೆಂಪಾಗಿ ಊದಿದರೆ ಯಾವ ಸ್ಕ್ಯಾನಿಂಗಿಗೂ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಎಂಆರ್‌ಐ ಬರೆದುಕೊಟ್ಟಾಗ ‘ಸಾರ್, ಇದರಿಂದ ನನ್ನ ಚಿಕಿತ್ಸೆ ಬದಲಾಗುತ್ತದೆಯೇ’ ಎಂದು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.

ಚಿತ್ರ ಕಂಡ ಮೇಲೆ ಕೊಡುವ ಮದ್ದಾದರೂ ಯಾವುದು? ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ, ಸವೆತವನ್ನು ನಿಲ್ಲಿಸುವ ಒಪ್ಪಿತ ಔಷಧ ಇಂದಿಗೂ ಇಲ್ಲ. ಮೆಡಿಕಲ್ ಶಾಪಿನಲ್ಲಿ ತಿಂಗಳುಗಟ್ಟಲೆ ಕೊಳ್ಳುವ ಗ್ಲುಕೋಸಮೈನ್, ಕಾಂಡ್ರಾಯಿಟಿನ್ ಗುಳಿಗೆಗಳನ್ನು 1,583 ರೋಗಿಗಳ ಮೇಲೆ ಪರೀಕ್ಷಿಸಿದ 2006ರ ಅಮೆರಿಕದ ಅಧ್ಯಯನದಲ್ಲಿ, ಒಟ್ಟಾರೆ ನೋಡಿದರೆ, ಬರೀ ಹುಸಿಗುಳಿಗೆಗಿಂತ ಅವು ಮೇಲೆನಿಸಲಿಲ್ಲ. ಸ್ವಂತ ರಕ್ತದಿಂದ ತೆಗೆದು ಮಂಡಿಗೆ ಚುಚ್ಚುವ ಪಿಆರ್‌ಪಿಯನ್ನು ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಉಪ್ಪುನೀರಿನ ಚುಚ್ಚುಮದ್ದಿನೊಂದಿಗೆ ಹೋಲಿಸಿ, ವರ್ಷದ ಬಳಿಕ ಎಂಆರ್‌ಐಯಲ್ಲಿ ಮೃದ್ವಸ್ಥಿಯ ಗಾತ್ರ ಅಳೆದರು. ನೋವಿನಲ್ಲೂ ಗಾತ್ರದಲ್ಲೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಇದು 2021ರ ವರದಿ. ‘ಮೃದ್ವಸ್ಥಿ ಬೆಳೆಸಿಕೊಡುತ್ತೇವೆ’ ಎಂಬ ಜಾಹೀರಾತು ನೋಡಿ ತೋಟ ಅಡವಿಡುವ ಮುನ್ನ ಈ ಎರಡು ಪರೀಕ್ಷೆಗಳನ್ನು ನೆನೆಯಬೇಕು. ಎಂಆರ್‌ಐ ವಿದ್ಯೆ ನಮಗೆ ಮಾಡಿದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು, ಪೊಳ್ಳು ಭರವಸೆಯನ್ನು ಅಳೆದು ತೋರಿಸಿದ್ದು. ಎಲ್ಲ ದಾರಿ ಮುಗಿದು ಕೀಲು ಬದಲಿಸಲೇಬೇಕಾದ ಹಂತ ತಲುಪಿದವರಿಗೆ, ಸಾಮಾನ್ಯವಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಮಂಡಿಕೀಲಿನ ಬೆಲೆಯನ್ನು ಕೇಂದ್ರ ಸರ್ಕಾರ 2017ರ ಆಗಸ್ಟಿನಲ್ಲಿ 54,720 ರೂಪಾಯಿ ಮತ್ತು ಜಿಎಸ್‌ಟಿಗೆ ಮಿತಿಗೊಳಿಸಿದ್ದು ಒಂದಿಷ್ಟು ಹಗುರ ತಂದಿತು.

ಮಾಡಬಹುದಾದ್ದು

ಯಂತ್ರಕ್ಕಿಂತ ಮೊದಲು ಹಳ್ಳಿಗೆ ಬರಬೇಕಾದ್ದು ಯಂತ್ರದಿಂದ ಕಲಿತ ಪಾಠ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಹೆಂಗಸರು ಹತ್ತು ವರ್ಷಗಳಲ್ಲಿ ಐದು ಕಿಲೋ ಇಳಿಸಿಕೊಂಡರೆ ನೋವಿನ ಸಂಧಿವಾತದ ಸಾಧ್ಯತೆ ಅರ್ಧಕ್ಕೆ ಇಳಿದೀತೆಂದು ಫ್ರೇಮಿಂಗ್‌ಹ್ಯಾಮ್ ಹೇಳಿದೆ. ತೊಡೆಯ ಮುಂಭಾಗದ ಸ್ನಾಯು ಬಲಗೊಂಡಷ್ಟೂ ಮಂಡಿಗೆ ನಿರಾಳ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಕಾಲು ನೀಡಿ ಮಂಡಿ ಬಿಗಿಹಿಡಿದು ಬಿಡುವುದು, ದಿನವೂ ಸಮತಟ್ಟಿನಲ್ಲಿ ನಡೆಯುವುದು, ಇವಕ್ಕೆ ಕಾಸು ಬೇಕಿಲ್ಲ. ಹೊಲದಲ್ಲಿ ಕುಕ್ಕರಗಾಲಿಗೆ ಬದಲು ಗಿಡ್ಡ ಮಣೆ, ಉದ್ದ ಹಿಡಿಯ ಕಳೆ ಸಲಕರಣೆ, ಗಂಟೆಗೊಮ್ಮೆ ಎದ್ದು ಕಾಲು ಚಾಚುವುದು, ಮನೆಯಲ್ಲಿ ಕೂರುವ ಕಮೋಡ್ ಇವನ್ನು ಒಂದೊಂದಾಗಿ ಮಾಡಿಕೊಳ್ಳಬಹುದು.

ನಮ್ಮ ವೈದ್ಯಕೀಯ ಕಾಲೇಜುಗಳ ಸಂಶೋಧಕರಿಗೂ ಒಂದು ಮಾತು. ಟಿ-2, ಟಿ-1-ರೋ ಬಗ್ಗೆ ಈಗಿರುವ ದೊಡ್ಡ ಮಾಹಿತಿ ಕುರ್ಚಿಯಲ್ಲಿ ಕೂತು ಉಣ್ಣುವ ದೇಶದ್ದು. ದಿನಕ್ಕೆ ಎಷ್ಟೋ ಗಂಟೆ ಕುಕ್ಕರಗಾಲಿನಲ್ಲಿ ದುಡಿಯುವ ಮೂವತ್ತು-ನಲವತ್ತರ ವಯಸ್ಸಿನ ಹೆಂಗಸರ ಮೃದ್ವಸ್ಥಿ ಒಳಗೊಳಗೆ ಹೇಗಿದೆ ಎಂಬುದನ್ನು ಅಜ್ಜಂಪುರದಂಥ ಕಡೆಯಿಂದಲೇ ತಿಳಿಯಬೇಕು. ಈ ವಿದ್ಯೆಗೆ ನಮ್ಮ ನೆಲದಲ್ಲಿ ನಿಜವಾದ ಕೆಲಸ ಇರುವುದು ಇಲ್ಲಿ, ಒಬ್ಬೊಬ್ಬ ರೋಗಿಯ ಬಿಲ್ಲಿನಲ್ಲಲ್ಲ.

ಅಲ್ಲಿಯವರೆಗೆ ಮೂರೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳು ಸಂತೆಯ ದಿನ ನೋಡಿಕೊಂಡು ವಾರಕ್ಕೆ ಒಂದು ಗಂಟೆ ಮಂಡಿ ವ್ಯಾಯಾಮ ಕಲಿಸಲು ಮೀಸಲಿಡಲಿ, ಆಶಾ ಕಾರ್ಯಕರ್ತೆಯರಿಗೂ ಅದನ್ನು ಕಲಿಸಿಕೊಡಲಿ. ಓದುಗರು ಮನೆಯ ಹಿರಿಯರ ಮಂಡಿ ನೋವಿಗೆ ಸ್ಕ್ಯಾನಿಂಗಿನ ಹಣ ಹೊಂದಿಸುವ ಮುನ್ನ ಮೂರು ತಿಂಗಳು ಆ ವ್ಯಾಯಾಮ ಮಾಡಿಸಿ ನೋಡಲಿ.